ಗಿಡ್ಡಪ್ಪನ ಪಕ್ಕದ ಸೀಟು

ಎಲ್ಲ ತಾಪತ್ರಯಕ್ಕೂ ಒಂದು ಎಮ್ಮೆ ಕಾರಣ. ಯಗಟಿಯಲ್ಲಿದ್ದ ಈಶ್ವರಮ್ಮನ ಅಣ್ಣ ತಂಗಿಗೆಂದು ಗಬ್ಬದ ಎಮ್ಮೆಯೊಂದನ್ನು ಕೊಟ್ಟಿದ್ದ. ಶುಕ್ರವಾರ ಬೆಳಿಗ್ಗೆ ಅದು ಅಜ್ಜಂಪುರಕ್ಕೆ ಬರುವುದಿತ್ತು. ಎಮ್ಮೆಗೆ ಕೊಟ್ಟಿಗೆ ಬೇಕು. ಕೊಟ್ಟಿಗೆಯಲ್ಲಾದರೋ ಮೂರು ವರ್ಷದಿಂದ ಅವಳ ಗಂಡ ಗಿಡ್ಡಪ್ಪನ ಕಾರು ಠಿಕಾಣಿ ಹೂಡಿತ್ತು.

ಗಿಡ್ಡಪ್ಪ ಸುತ್ತಲ ಹಳ್ಳಿಗಳ ಪಂಪ್‌ಸೆಟ್ ರಿಪೇರಿ ಮಾಡುವವನು. ಆಳು ಹೆಸರಿಗೆ ತಕ್ಕ ಹಾಗೆಯೇ ಇದ್ದ. ಜೋಳದ ಹೊಲದೊಳಗೆ ನಡೆದು ಹೋದರೆ ತೆನೆ ಅಲ್ಲಾಡುವುದು ಕಾಣುತ್ತಿತ್ತೇ ಹೊರತು ಮನುಷ್ಯ ಕಾಣುತ್ತಿರಲಿಲ್ಲ. ೧೯೭೬ರಲ್ಲಿ ಕಡೂರಿನ ಹತ್ತಿರ ಮುಚ್ಚಿಹೋದ ಎಣ್ಣೆ ಮಿಲ್ಲೊಂದರ ಮೋಟಾರು ಬಿಚ್ಚಲು ಹೋದವನಿಗೆ ಹಿತ್ತಿಲ ಜಾಲಿಯ ನಡುವೆ ಈ ಕಾರು ಕಣ್ಣಿಗೆ ಬಿತ್ತು. ಅಮೆರಿಕದ್ದು. ಎರಡೇ ಬಾಗಿಲು, ಎಂಟು ಸಿಲಿಂಡರು, ಮೂತಿಯೇ ಒಂದು ಮಂಚದಷ್ಟು ಉದ್ದ. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವು ಕೂತಿತ್ತು. ಗಿಡ್ಡಪ್ಪ ಕೂಲಿಯ ಬದಲು ಅದನ್ನೇ ಕೇಳಿದ. ಮಿಲ್ಲಿನವರು ನಕ್ಕು, ಕಾಗದಪತ್ರದ ಸಮೇತ ಕೊಟ್ಟು, ಕೋಳಿಯನ್ನು ಮಾತ್ರ ತಾವೇ ಇಟ್ಟುಕೊಂಡರು. ಎರಡು ಜೊತೆ ಎತ್ತು ಕಟ್ಟಿ ಅದನ್ನು ಅಜ್ಜಂಪುರಕ್ಕೆ ಎಳೆಸಿಕೊಂಡು ಬಂದಾಗ ಊರೇ ಬೀದಿಗೆ ಬಂದು ನೋಡಿತು.

ಅಲ್ಲಿಂದ ಮುಂದೆ ಅವನು ಮನೆಯಲ್ಲಿದ್ದದ್ದಕ್ಕಿಂತ ಕಾರಿನ ಕೆಳಗೆ ಇದ್ದದ್ದೇ ಹೆಚ್ಚು. ತೂತು ಬಿದ್ದ ರೇಡಿಯೇಟರ್ ತೆಗೆದು ಟ್ರಾಕ್ಟರಿನದನ್ನು ಕೂರಿಸಿದ. ಬ್ಯಾಟರಿ ಲಾರಿಯದು. ಸೈಲೆನ್ಸರನ್ನು ಪಂಪಿನ ಪೈಪಿನಿಂದ ತಾನೇ ಬೆಸುಗೆ ಹಾಕಿ ಮಾಡಿದ. ಸೀಟಿಗೆ ತೆಂಗಿನ ನಾರು ತುಂಬಿದ. ಎಂಟೂ ಪಿಸ್ಟನ್ನುಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಮಕ್ಕಳಿಗೆ ಎಣ್ಣೆನೀರು ಹಾಕಿದಂತೆ ಒಂದೊಂದನ್ನೇ ಒರೆಸಿ ಜೋಡಿಸಿದ. ಕೊನೆಗೆ ಪಂಪ್‌ಸೆಟ್ಟಿಗೆ ಬಳಿಯುವ ಹಸಿರು ಬಣ್ಣವನ್ನೇ ಮೈಗೆಲ್ಲ ಹೊಡೆದ.

ಗುರುವಾರ ಬೆಳಿಗ್ಗೆ ಈಶ್ವರಮ್ಮ ರೊಟ್ಟಿ ತಟ್ಟುತ್ತಲೇ ತೀರ್ಮಾನ ಹೇಳಿದಳು.

“ಇವತ್ತು ತರೀಕೆರೆಗೆ ಬ್ರೇಕ್ ಇನ್‌ಸ್ಪೆಕ್ಟರ್ ಬತ್ತಾರಂತಲ್ಲ. ಅವರು ಪಾಸ್ ಮಾಡಿದ್ರೆ ನಿಮ್ಮ ಕಾರು ಕೊಟ್ಟಿಗೇಲೇ ಇರ್ಲಿ, ಎಮ್ಮೆಗೆ ಹಿತ್ತಿಲಲ್ಲಿ ಚಪ್ಪರ ಹಾಕಿಸ್ತೀನಿ. ಪಾಸ್ ಆಗ್ಲಿಲ್ವೋ, ನಾಳೆ ಗುಜರಿಯೋರು ಬತ್ತಾರೆ. ಹೇಳಿ ಕಳಿಸಿದ್ದೀನಿ.”

“ಹೇಳಿ ಕಳಿಸ್ಬಿಟ್ಯಾ?”

“ಮೂರು ವರ್ಷ ಬಾಯಿ ಮುಚ್ಕೊಂಡಿದ್ದೆ ಕಣ್ರೀ.”

ಅದು ನಿಜವಾಗಿತ್ತು. ಗಿಡ್ಡಪ್ಪ ಚಾವಿ ತೆಗೆದುಕೊಂಡು ಕೊಟ್ಟಿಗೆಗೆ ನಡೆದ.

ಕಾರನ್ನು ಬೀದಿಗೆ ತಳ್ಳಲು ನೆರೆಹೊರೆಯವರೆಲ್ಲ ಬಂದರು. ಎದುರುಮನೆಯ ಶಿವಮೂರ್ತಪ್ಪ, ರಿಟೈರಾದ ಪೋಸ್ಟ್‌ಮಾಸ್ಟರು, ಜಗುಲಿಯಿಂದ ಏಳದೆಯೇ ಎಲ್ಲರಿಗೂ ಎಲ್ಲಿ ತಳ್ಳಬೇಕೆಂದು ಹೇಳಿಕೊಟ್ಟರು. ಅವರು ಅಮಲ್ದಾರರು ಬಂದಾಗಲೂ ಜಗುಲಿಯಿಂದ ಎದ್ದವರಲ್ಲ. “ಜೊತೆಗೆ ಬನ್ನಿ ಸ್ವಾಮಿ, ಒಂದು ಸುತ್ತು ಹೋಗಿ ಬರೋಣ,” ಎಂದು ಗಿಡ್ಡಪ್ಪ ಕರೆದ. “ನನಗಿನ್ನೂ ಪೆನ್ಶನ್ ಬರೋದೈತೆ ಕಣಪ್ಪ,” ಎಂದರು ಅವರು. ಬೇರೆ ಯಾರೂ ಹತ್ತಲಿಲ್ಲ. ಎಂಟು ಸಿಲಿಂಡರೂ ಒಟ್ಟಿಗೆ ಗುಡುಗಿದಾಗ ಬೇವಿನ ಮರದ ಕಾಗೆಗಳೆಲ್ಲ ಎದ್ದು ಹೋದವು. ಗಿಡ್ಡಪ್ಪ ಒಬ್ಬನೇ ಹೊರಟ.

ಊರು ದಾಟಿ ಎರಡು ಮೈಲಿ ಎಲ್ಲವೂ ಚೆನ್ನಾಗಿತ್ತು. ಬಿಸಿಲು ನೆತ್ತಿಗೇರುತ್ತಿತ್ತು. ರಸ್ತೆಯ ಆ ಕಡೆ ಈ ಕಡೆ ರಾಗಿ ಹೊಲ, ಒಂದು ಹುಲ್ಲುಕಡ್ಡಿಯೂ ಅಲ್ಲಾಡದ ಮಧ್ಯಾಹ್ನ. ಮುಂದೆ ಕುರಿಮಂದೆಯೊಂದು ಅಡ್ಡ ಬಂತು. ಗಿಡ್ಡಪ್ಪ ವೇಗ ತಗ್ಗಿಸಿದ. ಕುರಿ ಕಾಯುತ್ತಿದ್ದ ಮುದುಕ ಕೋಲೂರಿ ನಿಂತು ಕಾರನ್ನು ನೋಡಿದ. ಅವನ ಕಣ್ಣು ಗಿಡ್ಡಪ್ಪನ ಮೇಲಿರಲಿಲ್ಲ. ಗಿಡ್ಡಪ್ಪನ ಪಕ್ಕದ ಸೀಟಿನ ಮೇಲಿತ್ತು. ನೋಡುತ್ತ ನೋಡುತ್ತ ಅವನ ಬಾಯಿ ತೆರೆದುಕೊಂಡಿತು. ಕೋಲನ್ನು ಅಲ್ಲೇ ಬಿಸಾಕಿ, ಕಂಬಳಿ ಬಿಸಾಕಿ, ಕುರಿಗಳನ್ನೂ ಬಿಟ್ಟು ಹೊಲಕ್ಕಿಳಿದು ಓಡಿದ.

ಗಿಡ್ಡಪ್ಪ ಪಕ್ಕಕ್ಕೆ ನೋಡಿದ. ಸೀಟು ಖಾಲಿ ಇತ್ತು.

ಸೈಲೆನ್ಸರಿನ ಸದ್ದಿಗೆ ಹೆದರಿರಬೇಕು ಅಂದುಕೊಂಡು ಮುಂದೆ ಹೋದ. ಅರ್ಧ ಮೈಲಿ ಆದಮೇಲೆ ಹುಲ್ಲಿನ ಹೊರೆ ಹೊತ್ತ ಮೂವರು ಹೆಂಗಸರು ಎದುರಾದರು. ಮೂವರೂ ನಿಂತರು. ಮೂವರ ಕಣ್ಣೂ ಅದೇ ಸೀಟಿನ ಮೇಲೆ ನೆಟ್ಟವು. ಹೊರೆಗಳು ಒಂದಾದ ಮೇಲೊಂದು ರಸ್ತೆಗೆ ಬಿದ್ದವು. ಒಬ್ಬಳು ಕುಸಿದು ಕೂತು, ಆ ಖಾಲಿ ಸೀಟಿನ ಕಡೆಗೆ ಕೈಮುಗಿದು, “ತಪ್ಪಾಯ್ತು ನಮ್ಮಪ್ಪ, ಹೋಗ್ಬಿಡು,” ಎಂದಳು.

ಈಗ ಗಿಡ್ಡಪ್ಪನ ಬೆನ್ನಿನ ಮೇಲೆ ಬೆವರು ತಣ್ಣಗಾಯಿತು. ಮತ್ತೆ ಪಕ್ಕಕ್ಕೆ ನೋಡಿದ. ಅವನೇ ತುಂಬಿದ ತೆಂಗಿನ ನಾರು, ಅವನೇ ಹೊಲಿಸಿದ ರೆಕ್ಸಿನ್ನು. ನಾರು ನಡುವೆ ಕೊಂಚ ತಗ್ಗಿದ ಹಾಗಿತ್ತು. ಮೊದಲೇ ತಗ್ಗಿತ್ತೋ, ಈಗ ತಗ್ಗಿತೋ ನೆನಪಾಗಲಿಲ್ಲ.

ಅಷ್ಟರಲ್ಲಿ ತರೀಕೆರೆ ಕಡೆಯಿಂದ ಬಸ್ಸು ಬಂತು. ನೂರು ಗಜ ದೂರದಲ್ಲೇ ಅದು ಓಲಾಡಿ, ರಸ್ತೆ ಬಿಟ್ಟು ಇಳಿದು, ಒಂದು ಚಕ್ರ ಚರಂಡಿಯಲ್ಲಿಟ್ಟು ನಿಂತುಬಿಟ್ಟಿತು. ಗಿಡ್ಡಪ್ಪ ಅದರ ಪಕ್ಕದಲ್ಲೇ ನಿಧಾನವಾಗಿ ಹಾದುಹೋದ. ಪ್ರಯಾಣಿಕರೆಲ್ಲ ಒಂದೇ ಕಡೆಯ ಕಿಟಕಿಗಳಿಗೆ ಮುತ್ತಿಕೊಂಡಿದ್ದರು. ನಲವತ್ತು ಮುಖ, ಎಂಬತ್ತು ಕಣ್ಣು, ಒಂದೇ ಒಂದು ಕಣ್ಣೂ ಅವನನ್ನು ನೋಡುತ್ತಿರಲಿಲ್ಲ. ಕಂಡಕ್ಟರ್ ಮುನಿಯಪ್ಪ, ಗಿಡ್ಡಪ್ಪನಿಗೆ ಎಷ್ಟೋ ವರ್ಷದ ಪರಿಚಯದವನು, ಕಿಟಕಿಯ ಸರಳು ಹಿಡಿದು ನಿಂತಿದ್ದ. ಗಿಡ್ಡಪ್ಪ ಕೈ ಎತ್ತಿದ. ಮುನಿಯಪ್ಪ ಕಣ್ಣು ಮುಚ್ಚಿಕೊಂಡು ಸೀಟಿ ಊದಿದ.

ಅಮೃತಾಪುರಕ್ಕೆ ತಿರುಗುವ ಕಡೆ ಒಂದು ಟೀ ಅಂಗಡಿ ಇತ್ತು. ರೇಡಿಯೇಟರ್ ಕಾದು ಹಬೆ ಬರುತ್ತಿತ್ತು, ನೀರು ಬೇಕಿತ್ತು. ಕಾರು ನಿಲ್ಲಿಸಿ ಗಿಡ್ಡಪ್ಪ ಚಾವಿ ತಿರುಗಿಸಿ ತೆಗೆದ. ಇಂಜಿನ್ ನಿಲ್ಲಲಿಲ್ಲ. ಚಾವಿ ಕೈಯಲ್ಲಿದೆ, ಕಾರು ಮಾತ್ರ ಮುದಿನಾಯಿ ಏದುಸಿರು ಬಿಟ್ಟ ಹಾಗೆ ಮೈ ಕುಲುಕುತ್ತಲೇ ಇದೆ. ಮಸಿ ಕಟ್ಟಿದ ಇಂಜಿನ್ ಕಾದಾಗ ಹೀಗಾಗುವುದುಂಟು ಎಂದು ಅವನಿಗೆ ಗೊತ್ತಿತ್ತು. ಬೇರೆ ದಿನವಾಗಿದ್ದರೆ ಹತ್ತು ಜನಕ್ಕೆ ವಿವರಿಸಿ ಹೇಳುತ್ತಿದ್ದ. ಇವತ್ತು ಆ ವಿವರಣೆ ಅವನಿಗೇ ಸಮಾಧಾನ ಕೊಡಲಿಲ್ಲ. ಕೊನೆಗೆ ಅದು ಒಂದು ಸಲ ನಿಟ್ಟುಸಿರಿಟ್ಟು ಸುಮ್ಮನಾಯಿತು.

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಒಲೆಯ ಮೇಲೆ ಟೀ ಉಕ್ಕಿ ಸುರಿಯುತ್ತಿತ್ತು. ಬೆಂಚಿನ ತುದಿಯಲ್ಲಿ ಯಾರೋ ಇಟ್ಟು ಹೋದ ಬೀಡಿ ಇನ್ನೂ ಹೊಗೆಯಾಡುತ್ತಿತ್ತು.

“ಯಾರವ್ವ ಇದ್ದೀರ? ಒಂದು ಕೊಡ ನೀರು ಬೇಕಿತ್ತು.”

ಮುಚ್ಚಿದ ಬಾಗಿಲ ಹಿಂದಿನಿಂದ ಹೆಂಗಸೊಬ್ಬಳ ದನಿ ಬಂತು. “ಏನು ಬೇಕೋ ತಗೊಂಡು ಹೋಗಪ್ಪ. ಮಕ್ಳುಮರಿ ಇರೋ ಮನೆ. ನಿಮ್ಮ ಸಹವಾಸ ಬ್ಯಾಡ.”

“ನಿಮ್ಮ” ಎಂದಳಲ್ಲ, ಎಷ್ಟು ಜನಕ್ಕೆ ಸೇರಿಸಿ ಹೇಳಿದಳು ಎಂಬ ಯೋಚನೆ ಗಿಡ್ಡಪ್ಪನ ತಲೆಯೊಳಗೆ ಹೊಕ್ಕು ಕೂತಿತು. ನೀರು ಹುಯ್ದು ಮತ್ತೆ ಕಾರು ಹತ್ತಿದ. ಉಳಿದ ದಾರಿಯಲ್ಲಿ ಪಕ್ಕಕ್ಕೆ ತಿರುಗದೆ, ಕುತ್ತಿಗೆಗೆ ಹಲಗೆ ಕಟ್ಟಿದವನಂತೆ ಕೂತಿದ್ದ. ಒಂದು ಸಲ ಮಾತ್ರ ತಡೆಯಲಾರದೆ ಮೆಲ್ಲಗೆ ಕೇಳಿದ: “ಯಾರಾದ್ರೂ ಇದ್ದೀರೇನ್ರೀ?” ಯಾರೂ ಉತ್ತರ ಕೊಡಲಿಲ್ಲ. ಅದೂ ಅವನಿಗೆ ಸರಿ ಕಾಣಲಿಲ್ಲ.

ತರೀಕೆರೆಯಲ್ಲಿ ಇನ್‌ಸ್ಪೆಕ್ಟರು ಮರದ ನೆರಳಲ್ಲಿ ಮೇಜು ಹಾಕಿಸಿಕೊಂಡು ಕೂತಿದ್ದರು. ದಪ್ಪ ಕನ್ನಡಕದ, ನಗು ಅಪರೂಪವಾದ ಮನುಷ್ಯ. ಗಿಡ್ಡಪ್ಪನ ಬಿಳುಚಿದ ಮುಖ ನೋಡಿ, “ಏನಯ್ಯ, ಯಾರಿಗಾದ್ರೂ ಗುದ್ದಿ ಬಂದ್ಯಾ?” ಎಂದರು. ಗಿಡ್ಡಪ್ಪ ನಡೆದದ್ದನ್ನೆಲ್ಲ ಒಪ್ಪಿಸಿದ.

ಇನ್‌ಸ್ಪೆಕ್ಟರು ಎದ್ದು ಕಾರಿನ ಸುತ್ತ ಒಂದು ಸುತ್ತು ಬಂದರು. ಕಾರಿನ ಎದುರಿಗೆ ನಿಂತು ಗಾಜಿನೊಳಗೆ ಇಣುಕಿದರು. ಆಮೇಲೆ ಅವರ ಹೊಟ್ಟೆ ಅಲ್ಲಾಡತೊಡಗಿತು.

“ಲೇ ಮಾರಾಯ, ನಿನ್ನ ಸ್ಟೀರಿಂಗ್ ಯಾವ ಕಡೆ ಐತೆ?”

“ಎಡಗಡೆ ಸ್ವಾಮಿ. ಅಮೆರಿಕದ್ದು, ಹಂಗೇ ಬರೋದು.”

“ಈ ದೇಶದಲ್ಲಿ ಡ್ರೈವರ್ ಎಲ್ಲಿ ಕೂರ್ತಾನೆ?”

“ಬಲಗಡೆ.”

“ಜನ ನೋಡೋದೂ ಬಲಗಡೇನೇ. ಅಲ್ಲಿ ಸೀಟು ಖಾಲಿ. ಎಡಗಡೆ ನೀನಿದ್ದೀಯ, ಆದ್ರೆ ಈ ಉದ್ದನೆ ಮೂತಿ ಆಚೆಯಿಂದ ನೋಡಿದ್ರೆ ನಿನ್ನ ಬೆರಳು ನಾಲ್ಕು ಕಾಣ್ತವೆ ಅಷ್ಟೆ. ಡ್ರೈವರೇ ಇಲ್ದೆ ಕಾರು ತಾನಾಗೇ ಬತ್ತಾ ಐತೆ ಅಂತ ಜನ ಓಡಿದ್ದಾರೆ.”

ಮೂರು ವರ್ಷ ಆ ಕಾರಿನ ಕೆಳಗೇ ಮಲಗಿದ್ದ ಗಿಡ್ಡಪ್ಪನಿಗೆ ಸ್ಟೀರಿಂಗ್ ಎಡಕ್ಕಿರುವುದು ತನ್ನ ಮೂಗು ಮುಖದಲ್ಲಿರುವಷ್ಟು ಸಹಜವಾಗಿತ್ತು. ಅವನು ಬಲಗಡೆಯ ಖಾಲಿ ಸೀಟನ್ನೊಮ್ಮೆ ನೋಡಿದ. ಆಮೇಲೆ ನಕ್ಕ. ಅಳು ಬರುವಷ್ಟು ನಕ್ಕ. ಚರಂಡಿಯಿಂದ ಬಸ್ಸು ಎತ್ತಿಸಿ, ಅಜ್ಜಂಪುರ ಮುಟ್ಟಿಸಿ, ಅದೇ ತಾನೇ ತರೀಕೆರೆಗೆ ವಾಪಸು ಬಂದಿದ್ದ ಮುನಿಯಪ್ಪನೂ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡ. “ಹಾಳಾದೋನೇ, ನಮ್ಮ ಡ್ರೈವರ್‌ಗೆ ಇನ್ನೂ ನಡುಕ ಬಿಟ್ಟಿಲ್ಲ ಕಣೋ. ಮೂರು ಗಂಟೆ ಟ್ರಿಪ್ಪಿಗೆ ಹೋಗ್ತೀನಲ್ಲ, ದಾರಿ ಉದ್ದಕ್ಕೂ ಎಲ್ರಿಗೂ ಹೇಳ್ಕೊಂಡು ಹೋಗ್ತೀನಿ ಬಿಡು,” ಎಂದ.

ಇನ್‌ಸ್ಪೆಕ್ಟರು ಬ್ರೇಕು, ಹಾರನ್ನು, ಲೈಟು ಎಲ್ಲ ನೋಡಿದರು. ಸೈಲೆನ್ಸರನ್ನು ಎರಡು ಸಲ ಬಗ್ಗಿ ನೋಡಿ, ಯಾರ ಕೈಕೆಲಸ ಎಂದು ವಿಚಾರಿಸಿ ತಲೆದೂಗಿದರು. ಹಿಂದುಗಡೆ “ಎಡಗಡೆ ಸ್ಟೀರಿಂಗ್” ಎಂದು ದಪ್ಪಕ್ಷರದಲ್ಲಿ ಬರೆಸಬೇಕೆಂದರು. ಪೇಂಟರನ್ನು ಹಿಡಿದು ತಂದು ಅದನ್ನು ಬರೆಸುವ ಹೊತ್ತಿಗೆ ನಾಲ್ಕು ಗಂಟೆ. ಕಾರು ಪಾಸಾಯಿತು.

ವಾಪಸಿನ ದಾರಿಯಲ್ಲಿ ಗಿಡ್ಡಪ್ಪ ಬೇರೆಯೇ ಮನುಷ್ಯನಾಗಿದ್ದ. ಒಂದು ಕೈ ಕಿಟಕಿಯ ಮೇಲಿಟ್ಟುಕೊಂಡಿದ್ದ. ಟೀ ಅಂಗಡಿಯ ಬಾಗಿಲು ತೆರೆದಿತ್ತು. ಬೆಂಚಿನ ಮೇಲಿದ್ದವರೆಲ್ಲ ಕಾರು ಕಂಡೊಡನೆ ಎದ್ದು ನಿಂತರು, ಎತ್ತಿ ಕಟ್ಟಿದ್ದ ಪಂಚೆ ಇಳಿಬಿಟ್ಟರು. ಯಾರೂ ಓಡಲಿಲ್ಲ. ಮುನಿಯಪ್ಪ ಮಾತು ಉಳಿಸಿಕೊಂಡಿದ್ದಾನೆ ಎಂದು ಗಿಡ್ಡಪ್ಪನಿಗೆ ಖುಷಿಯಾಯಿತು. ಹುಲ್ಲು ಹೊತ್ತ ಹೆಂಗಸರು ರಸ್ತೆಯಂಚಿಗೆ ಸರಿದು ಸೆರಗು ಸರಿಮಾಡಿಕೊಂಡರು. ಕುರಿ ಕಾಯುವ ಮುದುಕ ತನ್ನ ಕಂಬಳಿ ಹುಡುಕಿಕೊಂಡಿದ್ದ. ತಲೆಯ ವಸ್ತ್ರ ತೆಗೆದು, ಸೊಂಟ ಬಾಗಿಸಿ, “ಶರಣು ಸ್ವಾಮಿ,” ಎಂದ.

ಗಿಡ್ಡಪ್ಪನನ್ನು ಈ ನಲವತ್ತು ವರ್ಷದಲ್ಲಿ ಯಾರೂ ಸ್ವಾಮಿ ಎಂದಿರಲಿಲ್ಲ. ಒಂದು ಒಳ್ಳೆ ಕಾರು ಮನುಷ್ಯನನ್ನು ಎಷ್ಟು ಎತ್ತರ ಮಾಡುತ್ತದೆ ಎಂದುಕೊಂಡು ಅವನು ಗಂಭೀರವಾಗಿ ತಲೆ ಆಡಿಸಿದ.

ಮನೆ ಮುಂದೆ ಕಾರು ನಿಂತಾಗ ಸೂರ್ಯ ಬೇವಿನ ಮರದ ಹಿಂದೆ ಇಳಿದಿದ್ದ. ಎದುರು ಜಗುಲಿಯಲ್ಲಿ ಶಿವಮೂರ್ತಪ್ಪ ಮೆಲ್ಲಗೆ ಎದ್ದು ನಿಂತರು. ನಿಂತೇ ಇದ್ದರು. ಗಿಡ್ಡಪ್ಪ ಇಳಿದು, ಪಾಸಾದ ಕಾಗದವನ್ನು ಎತ್ತಿ ಹಿಡಿದುಕೊಂಡು ಬಾಗಿಲ ಕಡೆಗೆ ನಡೆದ. ಈಶ್ವರಮ್ಮ ಹೊರಗೆ ಬಂದಳು. ತಲೆಯ ಮೇಲೆ ಸೆರಗಿತ್ತು, ತಟ್ಟೆಯಲ್ಲಿ ಎರಡು ಲೋಟ ಮಜ್ಜಿಗೆ.

“ಪಾಸ್ ಆಯ್ತು ಕಣೇ. ಮುನಿಯಪ್ಪ ಎಲ್ಲಾ ಹೇಳಿರ್ಬೇಕಲ್ಲ, ಊರೋರ ನಗು ಮುಗೀತಾ?”

“ಯಾವ ಮುನಿಯಪ್ಪ? ಮೂರು ಗಂಟೆ ಬಸ್ಸು ಇವತ್ತು ಬಂದೇ ಇಲ್ಲ. ತರೀಕೇರೀಲೇ ಕೆಟ್ಟು ನಿಂತೈತಂತೆ.”

ಗಿಡ್ಡಪ್ಪ ಕಾಗದ ಹಿಡಿದ ಕೈಯನ್ನು ನಿಧಾನವಾಗಿ ಇಳಿಸಿದ.

ಅವಳು ದನಿ ತಗ್ಗಿಸಿ ಗದರಿದಳು. “ಅದಿರ್ಲಿ, ಇಷ್ಟು ದೊಡ್ಡೋರನ್ನ ಕರ್ಕೊಂಡು ಬತ್ತೀನಿ ಅಂತ ಒಂದು ಮಾತು ಹೇಳ್ಬಾರ್ದಾ? ಮನೇಲಿ ಹಾಲೂ ಇಲ್ಲ. ನೋಡಿದ್ರೆ ಗೌರವ ಬರೋ ಮುಖ. ನೀವು ನಿಮ್ಮ ಪಾಡಿಗೆ ಇಳಿದು ಬಂದ್ಬಿಟ್ರಿ, ಅವರು ಪಾಪ ಇನ್ನೂ ಕೂತೇ ಅವ್ರೆ.”

  ತಿರುಗಿ ನೋಡಲು ಗಿಡ್ಡಪ್ಪನ ಕುತ್ತಿಗೆ ಒಪ್ಪಲಿಲ್ಲ.

ಅವನ ಬೆನ್ನ ಹಿಂದೆ, ಕಾರಿನ ಬಲಗಡೆಯ ಬಾಗಿಲು ತೆರೆದುಕೊಂಡ ಸದ್ದಾಯಿತು. ಸೀಟಿನ ತೆಂಗಿನ ನಾರು ಮೆಲ್ಲಗೆ ಮೇಲೆದ್ದ ಸದ್ದೂ ಆಯಿತು.

“ಬನ್ನಿ ಯಜಮಾನ್ರೆ, ಕೈಕಾಲು ತೊಳ್ಕೊಳ್ಳಿ,” ಎಂದಳು ಈಶ್ವರಮ್ಮ, ಗಂಡನ ಭುಜದಾಚೆಗೆ ನೋಡುತ್ತ.