ಟೀವಿಗೆ ಉತ್ತರ ಕೊಡೋ ನಮ್ಮ ಕಾಕಾ

ನಮ್ಮ ಕಾಕಾನಂಥ ಕ್ರಿಕೆಟ್ ಅಭಿಮಾನಿ ಇಡೀ ಖಾನಾಪುರ ತಾಲ್ಲೂಕಿನಾಗ ಇನ್ನೊಬ್ಬ ಸಿಗಾಕಿಲ್ಲ. ಅಂವಾ ಮ್ಯಾಚ್ ನೋಡೂದಿಲ್ಲ, ಅಷ್ಟ!

ಖರೇ ಹೇಳ್ತೀನ್ರಿ. ಮ್ಯಾಚ್ ನಡದಾಗ ಕಾಕಾ ಹಿತ್ತಲದಾಗ ಕರಿಬೇವಿಗೆ ನೀರು ಹಾಕ್ತಿರ್ತಾನ. ಎಲ್‌ಬಿಡಬ್ಲ್ಯೂ ಅಂದ್ರ ಏನಂತ ಇವತ್ತಿಗೂ ಅವಗ ಗೊತ್ತಿಲ್ಲ. ಆದ್ರ ಮ್ಯಾಚ್ ಮುಗದು, ಟೀವಿಯಾಗ ಕೋಟು ಹಾಕ್ಕೊಂಡವರು ಕುಂತು ಕಾಕಾ ಮೆಚ್ಚಿದ ಒಬ್ಬ ದೊಡ್ಡ ಬ್ಯಾಟ್ಸ್‌ಮನ್‌ನ ನಡತಿ ಬಗ್ಗೆ ಚರ್ಚಾ ಚಾಲೂ ಮಾಡಿದ್ರು ಅನ್ರಿ, ಕೈ ಒರಸ್ಕೋತ ಬಂದು ಹಾಜರ್! ಆಟಗಾರ ಸೊನ್ನೆಗೆ ಔಟಾದ್ರ ಕಾಕಾಗ ಏನೂ ಅನಸೂದಿಲ್ಲ, ನಾಳೆ ಹೊಡೀತಾನ ಬಿಡು ಅಂತಾನ. ಅವಗ ಸೊಕ್ಕು ಬಂದೈತಿ, ಅಂಪೈರನ್ನ ದುರುಗುಟ್ಟಿ ನೋಡಿದ ಅಂತ ಯಾರರೆ ಅಂದ್ರೋ, ಮುಗೀತು. ಎದ್ದು ನಿಂತು, ಲುಂಗಿ ಬಿಗದು, ಟೀವಿಗೇ ಉತ್ತರ ಕೊಡಾಕ ಹತ್ತತಾನ. ಕನ್ನಡ ಚಾನೆಲ್ಲಿಗೆ ಕನ್ನಡದಾಗ, ಮರಾಠಿ ಚಾನೆಲ್ಲಿಗೆ ಮರಾಠಿಯಾಗ. ಇಂಗ್ಲಿಷ್ ಚಾನೆಲ್ ಹತ್ತಿದ್ರ ಮಾತ್ರ, ಪಾಪ, "ನೋ, ನೋ" ಅಂದು ಅಷ್ಟಕ್ಕ ಮುಗಸ್ತಾನ.

ಆ ಚರ್ಚಾ ಮಾಡೋರರೆ ಏನು ಕಡಿಮಿ? ಒಬ್ಬ ಮನಷ್ಯಾ ನಗಲಿಲ್ಲ ಅಂತ ಒಂದು ತಾಸು ಮಾತಾಡ್ತಾರಲ್ರಿ! ಅದರಾಗ ಒಬ್ಬನರೆ ಅವನ ಜೋಡಿ ಒಂದು ಕಪ್ ಚಾ ಕುಡದಾನೇನು? ಅವನ ಮನಸಿನಾಗಿಂದು ಮಾತ್ರ ಎಲ್ಲಾರಿಗೂ ಗೊತ್ತು.

ಒಮ್ಮೆ ಆ ಆಟಗಾರ ವಿಮಾನ ನಿಲ್ದಾಣದಾಗ ಮಂದಿ ಕಡಿ ನೋಡಿ ನಗಲಿಲ್ಲ ಅಂತ ದೊಡ್ಡ ರಾಡಿ ಆತು. ಮರುದಿನ ಕಾಕಾ ಖಾನಾಪುರದಿಂದ ನಾ ಇರೋ ಬೆಳಗಾವಿ ತನಕ ಬಸ್ಸಿನ್ಯಾಗ ಬೇಕಂತಲೇ ನಿಂತು ಬಂದ. ಇಳದವನ ನನ್ನ ಕೈಯಾಗ ಫೋನ್ ಕೊಟ್ಟು ಫೋಟೋ ತಗಿ ಅಂದ. ಪ್ರಯಾಣ ಮಾಡಿ ದಣದ ಮನಷ್ಯಾ ಹೆಂಗ ಕಾಣ್ತಾನ ಅನ್ನೂದನ್ನ ಚಾನೆಲ್‌ದವರಿಗೆ ಕಳಸ್ತಾನಂತ! ಕಳಿಸಿದ, ಯಾರೂ ಉತ್ತರ ಕೊಡಲಿಲ್ಲ. ಫೋಟೋ ನೋಡಿ ನಮ್ಮ ಕಾಕು ತಣ್ಣಗ ಅಂದಳು, "ಇವರು ಮದುವಿ ಫೋಟೋದಾಗೂ ಹಿಂಗ ಅದಾರ."

ಇನ್ನ ಕಟಿಂಗ್ ಅಂಗಡಿ ಸುದ್ದಿ. ಖಾನಾಪುರದಾಗ ಕಾಕಾ ಮೂರು ಅಂಗಡಿ ಬಿಟ್ಟಾನ. ಒಬ್ಬ ಅಂಗಡಿಯಾಂವ ಆ ಆಟಗಾರನ ಕೈಮ್ಯಾಲಿನ ಹಚ್ಚಿ ಬಗ್ಗೆ ಅಂದ, ಇನ್ನೊಬ್ಬ ಗಡ್ಡದ ಬಗ್ಗೆ ಅಂದ. ಮೂರನೇದವ ಏನೂ ಅನಲಿಲ್ಲ, ಖರೇ, ಆದ್ರ ಅದೇ ಚಾನೆಲ್ ಹಚ್ಚಿ ಕುಂತಿದ್ದ. ಈಗ ತಿಂಗಳಿಗೊಮ್ಮೆ ಬಸ್ ಹತ್ತಿ ಬಂದು ಬೆಳಗಾವಿ ಸದಾಶಿವನಗರದಾಗ ನಮ್ಮ ಮನಿ ಬಾಜೂದ ಅಂಗಡ್ಯಾಗ ಕುಂದರ್ತಾನ. ತಲಿಮ್ಯಾಲೆ ಉಳದಿದ್ದು ನಾಲ್ಕ ಕೂದಲ!

ಇಷ್ಟೆಲ್ಲಾ ನಕ್ಕು ಬಿಟ್ಟಿರ್ತಿದ್ವಿ. ಆದ್ರ ಹೋದ ತಿಂಗಳು ಕಾಕಾನ ಮಗಳಿಗೆ, ಅಂದ್ರ ನನ್ನ ತಂಗಿಗೆ, ಬೆಳಗಾವಿ ಬಾಜೂಕಿನ ಮಚ್ಛೆದಿಂದ ಒಂದು ಸಂಬಂಧ ಬಂತು. ಎರಡು ವರ್ಷದ ಹಿಂದ ನಿಶ್ಚಯ ಆಗಿದ್ದ ಮದುವಿಯನ್ನ ಆಕಿ ತಾನಾಗೇ ಬ್ಯಾಡ ಅಂದಿದ್ಲು. ಅವನ ಜೋಡಿ ಬಾಳೇವು ಆಗೂದಿಲ್ಲ ಅಂದಿದ್ಲು, ಅಷ್ಟ. ಮಂದಿ ಅದಕ್ಕ ಕೈಕಾಲು ಹಚ್ಚಿ ಏನೇನೋ ಆಡಿದ್ರು. ಆಮ್ಯಾಲೆ ಬಂದ ಮೊದಲನೇ ಚೊಲೋ ಸಂಬಂಧ ಇದು. ಹಳೇ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಹುಡುಗಿ ಒಪ್ಪಿಗಿ ಆದಮ್ಯಾಲೆ ನಿಧಾನಕ್ಕ ಹೇಳೂಣು ಅಂತ ಕಾಕು ನಿಕ್ಕಿ ಮಾಡಿದ್ಲು.

ಕನ್ಯಾ ನೋಡಾಕ ಬರೋ ದಿನ ಕಾಕು ಟೀವಿ ವೈರ್ ಕಿತ್ತು ಕಪಾಟಿನಾಗ ಇಟ್ಟಳು. ಕ್ರಿಕೆಟ್ ಮಾತು ಬಂದ್ರ ತೊಡಿ ಚೂಟಾಕ ನನ್ನನ್ನ ಬೆಳಗಾವಿಯಿಂದ ಕರೆಸಿ ಕಾಕಾನ ಬಾಜೂಕ ಕುಂಡರಿಸಿದ್ಲು. ಎಲ್ಲಾ ಛಂದ ನಡದಿತ್ತು. ಶಿರಾ ಆತು, ಉಪ್ಪಿಟ್ಟು ಆತು. ಹುಡುಗನ ತಂದಿ ಸ್ವಂತ ಲೇಥ್ ಮಷೀನ್ ಇಟ್ಟವರು, ಮೆತ್ತಗ ಮಾತಾಡೋ ಮನಷ್ಯಾ. ಅವರ, ಬ್ಯಾರೆ ಮಾತೇನೂ ಸಿಗದ, ನಿನ್ನಿ ಮ್ಯಾಚಿನ ಸುದ್ದಿ ತಗದ್ರು. ಸೋತಮ್ಯಾಲೆ ಆ ಆಟಗಾರ ಕೈ ಸೈತ ಕುಲಕಲಿಲ್ಲಂತ. ನಾ ಚೂಟಿದೆ. ಏನು ಸಂಸ್ಕಾರ ಕೊಟ್ಟಾರೋ ಮನ್ಯಾಗ ಅಂದ್ರು. ಇನ್ನೊಮ್ಮೆ ಜೋರ್ ಚೂಟಿದೆ.

"ಅಷ್ಟು ಮಂದಿ ಅಂತಾರಂದ್ರ ಏನರೆ ಇದ್ದ ಇರ್ತದ. ಅಲ್ರಿ?" ಅಂದ್ರು.

ಈಗ ಲುಂಗಿ ಬಿಗೀತಾನ ಅಂತ ನಾ ಕಣ್ಣು ಮುಚ್ಚಿದೆ. ಆದ್ರ ಕಾಕಾ ಏಳಲಿಲ್ಲ. ತಾಟು ಕೆಳಗಿಟ್ಟು, ಸಣ್ಣ ದನಿಯಾಗ ಮಾತಾಡಿದ.

"ನನ್ನ ಮಗಳ ಬಗ್ಗೆನೂ ಮಂದಿ ಭಾಳ ಅಂದಾರ್ರಿ. ನಿಶ್ಚಯ ಆಗಿದ್ದನ್ನ ಆಕಿ ಮುರದಾಳ. ಮಂದಿ ಅಂದದ್ದು ಬ್ಯಾರೆ, ಆಗಿದ್ದು ಬ್ಯಾರೆ. ನೀವು ಮಂದೀನ ಕೇಳಾವ್ರಿದ್ರ, ಮೊದಲ ಆಕೀನ ಕೇಳ್ರಿ. ಇಲ್ಲೇ ಒಳಗ ಅದಾಳ."

ಅವರು ಕೇಳಲಿಲ್ಲ. ಚಾ ಅರ್ಧಕ್ಕ ಬಿಟ್ಟು, ಫೋನ್ ಮಾಡ್ತೀವ್ರಿ ಅಂದು ಎದ್ರು. ಇವತ್ತಿಗೂ ಮಾಡಿಲ್ಲ. ಅವತ್ತ ಕಾಕು ಬೈದಷ್ಟು ಯಾವ ಚಾನೆಲ್‌ದವರೂ ಯಾರಿಗೂ ಬೈದಿರಾಕಿಲ್ಲ. ಆಗ ತಂಗಿ ಹೊರಗ ಬಂದು ಕಾಕಾನ ಮಗ್ಗಲಕ್ಕ ಕುಂತಳು.

"ಅಪ್ಪಾ, ಆವಾಗ ಅಷ್ಟು ಮಾತು ಬಂದ್ರೂ ನೀ ಒಬ್ಬರಿಗೂ ಉತ್ತರ ಕೊಡಲಿಲ್ಲ. ನೀನೂ ನಂಬೀದಿ ಅಂತ ತಿಳಕೊಂಡಿದ್ದೆ ನಾ," ಅಂದಳು.

ಕಾಕಾ ಆಕಿ ತಲಿಮ್ಯಾಲೆ ಕೈ ಇಟ್ಟ. "ಹೆಂಗ ಕೊಡ್ಲಿ ಮಗಳ? ಅಂದವರೆಲ್ಲಾ ನಮ್ಮವರ ಇದ್ರು."

ಅಂವಾ ನನ್ನ ಕಡಿ ನೋಡಲಿಲ್ಲ. ನೋಡಬಾರದಂತಲೇ ನೋಡಲಿಲ್ಲ. ಆವಾಗ ತಂಗಿ ಬಗ್ಗೆ ನಾನೂ ಬೆಳಗಾವ್ಯಾಗ ಕುಂತು ಆಡಿದ ಮಾತು ಖಾನಾಪುರ ಮುಟ್ಟಿಲ್ಲ ಅಂತ ಎರಡು ವರ್ಷ ಆರಾಮ ಇದ್ದೆ. "ಇವಗ ಬಸ್ಸಿನ ಹೊತ್ತಾತು, ಒಂದು ಕಪ್ ಚಾ ಕೊಡು" ಅಂತ ಕಾಕುಗ ಹೇಳಿ, ಕಾಕಾ ಎದ್ದು ಹಿತ್ತಲಕ್ಕ ಹೋದ. ತಂಗಿನ ಚಾ ತಂದು ಕೊಟ್ಟಳು. ಆಕಿ ಮಾರಿ ನೋಡಿ ಅದನ್ನ ಇಸಗೊಳ್ಳಾಕ ನನಗ ಆಗಲಿಲ್ಲ.