ಆ ಕಡೆಯ ನಲ್ಲಿ

ನಗರದ ನೀರು ಸರಬರಾಜು ಕಚೇರಿಯಲ್ಲಿ ಬಾಕಿ ಉಳಿದಿದ್ದ ಎಲ್ಲ ಕಾಮಗಾರಿಗಳೂ ಕಳೆದ ತಿಂಗಳು ಒಂದು ಗುರುವಾರ, ಊಟದ ವಿರಾಮಕ್ಕೆ ಮುಂಚೆ, ಒಟ್ಟಿಗೇ ಪೂರ್ಣಗೊಂಡವು ಎಂದು ಸಾರ್ವಜನಿಕರಿಗೆ ತಿಳಿಸಲು ಹೆಮ್ಮೆಪಡುತ್ತೇನೆ. ಇದಕ್ಕಾಗಿ ಒಂದು ಗುದ್ದಲಿಯನ್ನೂ ಎತ್ತಲಿಲ್ಲ. ಅದು ಹೇಗೆಂದು ಕೆಲವರು ಹುಬ್ಬೇರಿಸಿದ್ದಾರೆ. ಹೊಟ್ಟೆಕಿಚ್ಚಿನವರು ಎಲ್ಲ ಕಡೆಯೂ ಇರುತ್ತಾರೆ. ಈ ಕಚೇರಿಯ ಪ್ರಚಾರ ಸಹಾಯಕನಾದ ನಾನು ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಸಿಬ್ಬಂದಿಯ ಜ್ಞಾನಾಭಿವೃದ್ಧಿಗಾಗಿ ತಿಂಗಳಿಗೊಂದು ಉಪನ್ಯಾಸ ಇಡಬೇಕೆಂಬ ನಿಯಮ ನಮ್ಮಲ್ಲಿದೆ. ಹಿಂದಿನ ಸಲ ಹಲ್ಲಿನ ಡಾಕ್ಟರು ಬಂದಿದ್ದರು. ಈ ಸಲ ಬುಧವಾರ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಬಂದರು. ವಿಷಯ: ಸಮಾಂತರ ವಿಶ್ವಗಳಿಗೆ ಕ್ವಾಂಟಮ್ ಭೌತಶಾಸ್ತ್ರದ ಬೆಂಬಲವಿದೆಯೇ? ಮೇಷ್ಟ್ರು ಅಳೆದು ತೂಗಿ ಮಾತಾಡುವ ಮನುಷ್ಯ. ಅಣುವಿಗಿಂತ ಸಣ್ಣ ಕಣವೊಂದರ ಮುಂದೆ ಎರಡು ದಾರಿಯಿದ್ದರೆ, ನಾವು ನೋಡಿದಾಗ ಒಂದೇ ದಾರಿ ಕಾಣುತ್ತದೆ. ಇನ್ನೊಂದೂ ನಡೆದೇ ಇರುತ್ತದೆ, ಆದರೆ ಬೇರೆ ವಿಶ್ವದಲ್ಲಿ ಎಂದು ಕೆಲವು ವಿಜ್ಞಾನಿಗಳು ಹೇಳುತ್ತಾರೆ, ಉಳಿದವರು ಒಪ್ಪುವುದಿಲ್ಲ ಎಂದರು. ಅರ್ಧ ಸಿಬ್ಬಂದಿ ತೂಕಡಿಸುತ್ತಿದ್ದರು. ಮುಖ್ಯ ಅಧಿಕಾರಿಗಳು ಮಾತ್ರ ಕುರ್ಚಿಯ ತುದಿಗೆ ಬಂದು ಕೂತರು.

“ಹಾಗಾದ್ರೆ ಇನ್ನೊಂದು ವಿಶ್ವ ಇದೆ ಅಂತೀರಾ ಮೇಷ್ಟ್ರೇ?”

“ಖಚಿತವಾಗಿ ಇದೆ ಅಂತ ಹೇಳೋಕಾಗಲ್ಲ ಸಾರ್.”

“ಇಲ್ಲ ಅಂತ?”

“ಹಾಗೂ ಹೇಳೋಕಾಗಲ್ಲ.”

“ಯಾರಾದ್ರೂ ಹೋಗಿ ನೋಡ್ಕೊಂಡು ಬರಬಹುದಾ?”

“ಸಾಧ್ಯವೇ ಇಲ್ಲ. ಇದ್ದರೂ ಅದಕ್ಕೂ ನಮಗೂ ಸಂಪರ್ಕ ಇರಲ್ಲ.”

“ಲೆಕ್ಕ ತಪಾಸಣೆಯವರು?”

“ಅವರೂ ಹೋಗೋಕಾಗಲ್ಲ ಸಾರ್.”

ಮುಖ್ಯ ಅಧಿಕಾರಿಗಳು ವೇದಿಕೆ ಹತ್ತಿ ಮೇಷ್ಟ್ರನ್ನು ತಬ್ಬಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ನಮ್ಮ ಕಚೇರಿಯಲ್ಲಿ ನೀರು ಕಂಡು ಬಹಳ ದಿನಗಳಾಗಿದ್ದವು.

ಮರುದಿನ ಬೆಳಗ್ಗೆ ಪ್ರಕಟಣೆ ಹೊರಬಿತ್ತು.

“ಕಡತ ತೆರೆದ ಅಧಿಕಾರಿಗೆ ಸಹಿ ಹಾಕುವುದು, ಹಾಕದಿರುವುದು ಎಂಬ ಎರಡು ದಾರಿಗಳಿರುತ್ತವೆ. ಈ ವಿಶ್ವದಲ್ಲಿ ಸಹಿ ಹಾಕದೆ ಮುಚ್ಚಿದ ಪ್ರತಿ ಕಡತಕ್ಕೂ ಇನ್ನೊಂದು ವಿಶ್ವದಲ್ಲಿ ಸಹಿ ಬಿದ್ದಿದೆಯೆಂದು ಭಾವಿಸತಕ್ಕದ್ದು. ಸದರಿ ಕಾಮಗಾರಿ ಅಲ್ಲಿ ಪೂರ್ಣಗೊಂಡಿದೆಯೆಂದು ಇಲ್ಲಿ ನಮೂದಿಸತಕ್ಕದ್ದು. ನೀರು ಯಾವ ವಿಶ್ವದಲ್ಲಿ ಬೇಕೆಂದು ಅರ್ಜಿದಾರರು ಮೊದಲೇ ತಿಳಿಸದಿದ್ದಲ್ಲಿ ಕಚೇರಿ ಹೊಣೆಯಲ್ಲ.”

ಆಮೇಲೆ ನೋಡಬೇಕಿತ್ತು ನಮ್ಮವರ ಹುರುಪು. ಕಡತ ತೆರೆಯುವುದು, ಮುಚ್ಚುವುದು, ತೆರೆಯುವುದು, ಮುಚ್ಚುವುದು. ‘ನಾಳೆ ಸಾಹೇಬರು’ ಎಂದೇ ಊರಿಗೆಲ್ಲ ಗೊತ್ತಿರುವ ಹಿರಿಯ ಗುಮಾಸ್ತರು ಬೆವರಿದ್ದನ್ನು ನಾನು ಮೊದಲ ಸಲ ಕಂಡೆ. ತಾನು ಹೇಳಿದ್ದು ಕಣದ ವಿಚಾರ, ಕಡತದ ವಿಚಾರವಲ್ಲ ಎಂದು ಮೇಷ್ಟ್ರು ಪತ್ರ ಬರೆದರು. ಅದನ್ನೂ ತೆರೆದು ಮುಚ್ಚಲಾಯಿತು.

ಮುಂದಿನ ವಾರ ಮೇಲಿನ ಬೀದಿಯ ಬಟ್ಟೆ ಹೊಲಿಯುವ ಹೆಂಗಸು ಬಂದರು. ಆ ಬೀದಿ ದಿಣ್ಣೆಯ ಮೇಲಿದೆ, ನೀರು ಕೆಳಗಿದೆ, ನಡುವೆ ಕಲ್ಲಿನ ಮೆಟ್ಟಿಲುಗಳಿವೆ. ಬೀದಿಗೊಂದು ನಲ್ಲಿ ಕೇಳಿ ಆಕೆ ನಮ್ಮ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ್ದರು.

“ಸಾರ್, ನಮ್ಮತ್ತೆ ಕೊಡ ಹೊತ್ಕೊಂಡು ಬರುವಾಗ ಜಾರಿ ಬಿದ್ದು ಕಾಲು ಮುರ್ಕೊಂಡಿದ್ದಾರೆ. ಮನೇಲಿ ಇನ್ನು ನಾನೊಬ್ಬಳೇ. ನಾನು ಮಿಷನ್ ತುಳೀಲೋ, ನೀರು ಹೊರಲೋ? ನಮ್ಮ ನಲ್ಲಿ ಏನಾಯ್ತು?”

“ಹಾಕಾಯ್ತಲ್ಲಮ್ಮ!” ಎಂದರು ಮುಖ್ಯ ಅಧಿಕಾರಿಗಳು.

“ಎಲ್ಲಿ ಸಾರ್?”

“ಇನ್ನೊಂದು ವಿಶ್ವದಲ್ಲಿ. ಅಲ್ಲಿ ನಿಮ್ಮ ಮನೆ ಬಾಗಿಲಲ್ಲೇ ನೀರು. ನಿಮ್ಮತ್ತೆ ಮೆಟ್ಟಿಲು ಇಳಿಯೋದೇ ಇಲ್ಲ, ಅಂದ್ಮೇಲೆ ಬಿದ್ದೂ ಇಲ್ಲ. ಕಾಲು ಗಟ್ಟಿಮುಟ್ಟಾಗಿದೆ. ಸಂತೋಷಪಡಿ.”

ಆಕೆ ಸುತ್ತಲಿನ ಮೇಜುಗಳನ್ನೊಮ್ಮೆ ನೋಡಿದರು.

“ಅಲ್ಲೂ ಈ ಕಚೇರಿ ಇದೆಯಾ ಸಾರ್?”

“ಇರದೆ ಏನು?”

“ಅಲ್ಲೂ ನೀವೇ ಸಾಹೇಬ್ರಾ?”

“ಮತ್ತಿನ್ಯಾರು? ನಾನೇ!”

“ಹಾಗಾದ್ರೆ ಅಲ್ಲೂ ನೀರು ಬಂದಿರಲ್ಲ ಬಿಡಿ. ನಲ್ಲಿ ಈ ಕಡೆ ಇದೆ ಅಂತ ಅಲ್ಲಿ ನನಗೆ ಹೇಳ್ತಾ ಕೂತಿರ್ತೀರಿ.”

ಆದರೆ ಮುಖ್ಯ ಅಧಿಕಾರಿಗಳು ಸುಮ್ಮನೆ ಆ ಕುರ್ಚಿಗೆ ಬಂದವರಲ್ಲ. ನಮ್ಮ ಸಿಬ್ಬಂದಿ ಎರಡೂ ವಿಶ್ವಗಳಲ್ಲಿ ಒಂದೇ ಶ್ರದ್ಧೆಯಿಂದ ಕೆಲಸ ಮಾಡುತ್ತಿದ್ದಾರೆಂದು ಸ್ವತಃ ಅರ್ಜಿದಾರರೇ ಒಪ್ಪಿದ್ದಾರೆ ಎಂದು ಅವರು ಅಲ್ಲೇ ಬರೆಸಿದರು. ಎರಡು ಕಡೆ ದುಡಿಯುವವರಿಗೆ ಒಂದೇ ಸಂಬಳ ಅನ್ಯಾಯವೆಂದು ಸಂಜೆಯ ಸಭೆ ಅಭಿಪ್ರಾಯಪಟ್ಟಿತು. ವಿಶ್ವ ಭತ್ಯೆ ಮಂಜೂರಾಯಿತು. ಆ ಕಡತಕ್ಕೆ ಮಾತ್ರ ಈ ವಿಶ್ವದಲ್ಲೇ ಸಹಿ ಬಿತ್ತು.

ಹೆಂಗಸಿನ ಅಹವಾಲನ್ನೂ ಕಡೆಗಣಿಸಲಿಲ್ಲ. ಮೇಲಿನ ಬೀದಿಗೆ ಒಂದು ಫಲಕ ಮಂಜೂರಾಯಿತು. ಅದನ್ನು ಹಾಕಿಸಲು ನಾನೇ ಬಡಗಿಯನ್ನು ಕರೆದುಕೊಂಡು ಮೆಟ್ಟಿಲು ಹತ್ತಿದೆ. ಮೂರು ಕಡೆ ಕೂತು ಸುಧಾರಿಸಿಕೊಳ್ಳಬೇಕಾಯಿತು. ಆಕೆಯ ಮನೆಯ ಪಕ್ಕದ ಗೋಡೆಗೆ ಫಲಕ ಹೊಡೆಸಿದೆ: “ನಲ್ಲಿ ಇಲ್ಲಿದೆ. ಕಾಣದಿದ್ದಲ್ಲಿ ಗಾಬರಿಪಡಬಾರದು. ನೀರು ಪೋಲು ಮಾಡಬಾರದು.”

ಬೀದಿಯವರು ಬಂದು ಓದಿದರು. ಯಾರೂ ನಗಲಿಲ್ಲ. ಮುದುಕರೊಬ್ಬರು, “ಇಟ್ಟಿರೋಣ, ನಮ್ಮ ಗಂಟೇನು ಹೋಗುತ್ತೆ?” ಎಂದು ಫಲಕದ ಕೆಳಗೆ ತಮ್ಮ ಕೊಡ ಇಟ್ಟರು. ಅದರ ಹಿಂದೆ ಇನ್ನೊಂದು ಬಂತು. ನೋಡನೋಡುತ್ತಿದ್ದಂತೆ ಬೀದಿಯುದ್ದಕ್ಕೂ ಸಾಲು ಬೆಳೆಯಿತು. ನಾನು ಮೊದಲು, ತಾನು ಮೊದಲು ಎಂದು ಜಗಳವೂ ಶುರುವಾಯಿತು. ನನಗೆ ಬಹಳ ಸಮಾಧಾನವಾಯಿತು.

ಬಾಗಿಲ ಬಳಿ ಮಂಚದಲ್ಲಿ ಕಾಲು ಚಾಚಿ ಮಲಗಿದ್ದ ಅತ್ತೆ ಕೇಳಿದರು:

“ಏನೇ ಅದು ಗಲಾಟೆ?”

“ನಲ್ಲಿ ಬಂತು ಅತ್ತೆ. ಆ ಕಡೆ ವಿಶ್ವದಲ್ಲಂತೆ.”

“ಅಲ್ಲಿ ನನ್ನ ಕಾಲು?”

“ನೆಟ್ಟಗಿದೆಯಂತೆ.”

“ಮತ್ತೇನ್ ಮಾಡ್ತಾ ಕೂತಿದ್ದಾಳೆ ಆ ಮುದುಕಿ? ಒಂದು ಕೊಡ ನೀರು ಈ ಕಡೆ ತಂದಿಡೋಕೆ ಹೇಳು!”

ಸೊಸೆ ಬಿದ್ದು ಬಿದ್ದು ನಕ್ಕರು. ನಗುತ್ತಲೇ ತೋಳಿನಿಂದ ಕಣ್ಣೊರೆಸಿಕೊಂಡು, ಎರಡು ಖಾಲಿ ಕೊಡ ಎತ್ತಿಕೊಂಡು ಮೆಟ್ಟಿಲ ಕಡೆ ಹೊರಟರು.

“ಅಕ್ಕಾ, ನಿಮ್ಮ ಸರದಿ ತಪ್ಪಿಹೋಗುತ್ತೆ ನೋಡಿ!” ಎಂದು ಪಕ್ಕದ ಮನೆಯವಳು ಕೂಗಿದಳು.

ಆಕೆ ನಿಂತರು. ಫಲಕ ನೋಡಿದರು, ನನ್ನನ್ನು ನೋಡಿದರು. ವಾಪಸು ಬಂದು ಒಂದು ಕೊಡವನ್ನು ಸಾಲಿನ ಕೊನೆಯಲ್ಲಿಟ್ಟರು. ಇನ್ನೊಂದನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲು ಇಳಿದು ಹೋದರು.

ಸಾರ್ವಜನಿಕರ ಸ್ಪಂದನೆ ಕುರಿತ ನನ್ನ ವರದಿಯಲ್ಲಿ ಸಾಲಿನಲ್ಲಿಟ್ಟ ಕೊಡವನ್ನು ನಮೂದಿಸಿದ್ದೇನೆ. ಇಳಿದು ಹೋದ ಕೊಡದ ವಿಚಾರ ಇನ್ನೊಂದು ವಿಶ್ವದ ವರದಿಯಲ್ಲಿ ಇರುತ್ತದೆ.