ಕುಂಚಾವರಂ ಶಿಬಿರಕ್ಕೊಂದು ಯೋಗ್ಯ ಚಾಕು

ಗೊತ್ತಿಲ್ಲದ ಕೆಲಸವನ್ನು ಗೊತ್ತಿದ್ದವರ ಗತ್ತಿನಲ್ಲಿ ಮಾಡುವುದರಲ್ಲಿ ನಮ್ಮ ಮಾಸ್ತರ ಮಂದಿಯನ್ನು ಮೀರಿಸುವವರಿಲ್ಲ. ನಾನಂತೂ ಆ ವಿದ್ಯೆಯಲ್ಲಿ ಪಳಗಿದವನು. ಸಮುದ್ರವನ್ನು ಕಣ್ಣಿನಿಂದ ಕಾಣದೆ ಉಬ್ಬರ ಇಳಿತಗಳ ಪಾಠ ಮಾಡಿ ಸೈ ಅನ್ನಿಸಿಕೊಂಡಿದ್ದೇನೆ. ಹೀಗಿದ್ದರೂ ಚಾಕು ಆರಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಒಳಗೊಳಗೇ ಬೆವತೆನೆಂದು ಒಪ್ಪಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಚಾಕು ಎಂಬುದೇ ಇರಲಿಲ್ಲ. ಇದ್ದದ್ದು ಈಳಿಗೆ. ಅದರ ಮುಂದೆ ಕೂಡುವ ಹಕ್ಕು ನನ್ನ ಹೆಂಡತಿ ನೀಲಮ್ಮನದು. ಮದುವೆಯಾದ ಹೊಸತರಲ್ಲಿ ಸಹಾಯ ಮಾಡುತ್ತೇನೆಂದು ಹೋಗಿ ನಾಲ್ಕು ಬದನೆಕಾಯಿ ಹೆಚ್ಚಿದ್ದೆ. ಅವಳು ತಾಟು ನೋಡಿ, "ಇವು ಎಣ್ಣಿಗಾಯಿಗೂ ಬರಂಗಿಲ್ಲ, ಪಲ್ಯಕ್ಕೂ ಬರಂಗಿಲ್ಲ. ನೀವು ಹೊರಗ ಕುಂದ್ರಿ" ಎಂದಳು. ಅಂದಿನಿಂದ ಹೊರಗೇ ಕುಳಿತಿದ್ದೆ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಮೂರ್ನಾಲ್ಕು ಬೇಸಿಗೆ ಕಳೆದಿದ್ದವು. ಚಿತ್ತಾಪುರದ ನಮ್ಮ ಶಾಲೆಗೆ ಮೇಲಿನಿಂದ ಒಂದು ಹುಕುಂ ಬಂತು. ರಜೆಯಲ್ಲಿ ಇಪ್ಪತ್ತು ಹುಡುಗರನ್ನು ಚಿಂಚೋಳಿ ತಾಲೂಕಿನ ಕುಂಚಾವರಂ ಅಡವಿಗೆ ಕರೆದೊಯ್ದು, ಹತ್ತು ದಿನ ಶಿಬಿರ ಹೂಡಿ, ಸ್ವಾವಲಂಬನೆ ಕಲಿಸಿ ತರಬೇಕು. ಜೊತೆಗೆ ಒಯ್ಯಬೇಕಾದ ಸಾಮಾನಿನ ಪಟ್ಟಿಯಿತ್ತು: ತಂಬಿಗೆ, ಹಗ್ಗ, ನಮ್ಮ ಸೀಮೆಯ ಮೇ ತಿಂಗಳನ್ನು ಬಲ್ಲ ಯಾರೋ ಪುಣ್ಯಾತ್ಮರು ಸೇರಿಸಿದ್ದ ಉಣ್ಣೆಯ ಕಂಬಳಿ, ಕೊನೆಗೆ 'ಯೋಗ್ಯವಾದ ಚಾಕು'. ಯಾವುದಕ್ಕೆ ಯೋಗ್ಯ ಎಂದು ಬರೆದಿರಲಿಲ್ಲ. ಇಂಥ ಸಣ್ಣ ವಿಷಯಗಳನ್ನು ಸರ್ಕಾರ ನಮ್ಮ ಬುದ್ಧಿಗೆ ಬಿಡುತ್ತದೆ. ಮುಂದೆ 'ನಿಮ್ಮ ಬುದ್ಧಿ ಎಲ್ಲಿತ್ತು' ಎಂದು ಕೇಳಲು ಅನುಕೂಲ.

ನಮ್ಮ ಹೆಡ್ ಮಾಸ್ತರರು ಪಟ್ಟಿಯನ್ನು ನನ್ನ ಮುಂದೆ ಸರಿಸಿ ಹೇಳಿದರು: "ಮೂರು ವರ್ಷ ಆಯ್ತು, ನೀವು ಇನ್ನಾ ಹಂಗಾಮಿನೇ ಅದೀರಿ. ತಾಲೀಮಾತಿನ ಸಾಹೇಬ್ರು ಶಿಬಿರ ನೋಡಲಿಕ್ಕೆ ಖುದ್ದು ಬರ್ತಾರ. ಅವರ ಮನಸಿಗಿ ಬಂದ್ರ ಕಾಯಂ ಮಾಡಂತ ಬರೀತಾರ. ಆದ್ರ ಒಬ್ಬ ಹುಡುಗನ ಬೆರಳಿಗಿ ಚಾಕು ಹತ್ತಿದ್ರೂ ಮುಗೀತು ನೋಡ್ರಿ." ತಾಲೀಮಾತಿನ ಸಾಹೇಬರೆಂದರೆ ಶಾಲೆಗಳ ಮೇಲಿನ ದೊಡ್ಡ ಅಧಿಕಾರಿ. ಅವರ ಒಂದು ಸಾಲು ಸಾಕು, ಹಂಗಾಮಿಯಾದವನು ನಿವೃತ್ತಿಯವರೆಗೂ ಅಲ್ಲಾಡದ ಕಂಬವಾಗುತ್ತಾನೆ. ನನಗೆ ಆ ಸಾಲು ಬೇಕಿತ್ತು. ನಾಚಿಕೆ ಬಿಟ್ಟು ಹೇಳುವುದಾದರೆ, ಬಹಳ ಬೇಕಿತ್ತು.

ಮೊದಲು ಹುಡುಗರಿಗೆ ತಂತಮ್ಮ ಮನೆಯಿಂದಲೇ ಚಾಕು ತರಲು ಹೇಳಿದೆ. ಮರುದಿನ ಒಬ್ಬ ಕುಡಗೋಲು ತಂದ, ಇನ್ನೊಬ್ಬ ತಾಯಿಯ ಈಳಿಗೆಯನ್ನು ಮಣೆ ಸಮೇತ ಹೊತ್ತು ತಂದ. ಮೂರನೆಯವನು ಧೋತರದ ತುಂಡಿನಲ್ಲಿ ಸುತ್ತಿದ್ದನ್ನು ನನ್ನ ಮೇಜಿನ ಮೇಲೆ ಬಿಚ್ಚಿದ. ಮೊಳದುದ್ದದ ಕಠಾರಿ. "ಜ್ವಾಳದ ಹಗೇವದಾಗ ಇತ್ರಿ ಮಾಸ್ತರ್ರ, ಮುತ್ಯಾ ಯಾರಿಗೂ ಹೇಳಬ್ಯಾಡ ಅಂದಾನ" ಎಂದು ತರಗತಿಗೆಲ್ಲ ಕೇಳುವಂತೆ ಹೇಳಿದ. ಊರಿನ ಆಯುಧಗಳನ್ನೆಲ್ಲ ಸರ್ಕಾರ ಜಮಾ ಮಾಡಿಸಿಕೊಂಡಿದ್ದ ಕಾಲ ಅದು. ಪೊಲೀಸ್ ಠಾಣೆ ನಮ್ಮ ಕಿಟಕಿಯ ಎದುರಿಗೇ ಇತ್ತು. ನಾನು ಹಾಜರಿ ಪುಸ್ತಕವನ್ನು ಕಠಾರಿಯ ಮೇಲೆ ಮುಚ್ಚಿ, ಆ ತಾಸು ಪೂರ್ತಿ ಪುಸ್ತಕದ ಮೇಲೆ ಮೊಣಕೈ ಊರಿ ಕುಳಿತೇ ಪಾಠ ಮಾಡಿದೆ.

ಆಮೇಲೆ ಎಲ್ಲರಿಗೂ ಒಂದೇ ನಮೂನೆಯ ಚಾಕು ನಾನೇ ಆರಿಸುವುದೆಂದಾಯಿತು. ವಾಡಿ ಸ್ಟೇಷನ್ನಿನಲ್ಲಿ ಒಬ್ಬ ಮಡಚುವ ಚಾಕು ಮಾರುತ್ತಿದ್ದ. ಅದನ್ನು ಬಿಚ್ಚಲು ಹಲ್ಲು ಬೇಕಾಗುತ್ತಿತ್ತು, ಮಡಚಲು ಇನ್ನೊಬ್ಬರು ಬೇಕಾಗುತ್ತಿದ್ದರು. ಶಹಾಬಾದಿನ ಅಂಗಡಿಯವನು ಚಾಕುವನ್ನು ತಮ್ಮೂರಿನ ಪರಸಿಗಲ್ಲಿಗೆ ಎರಡು ಸಲ ತಿಕ್ಕಿ ಗಾಳಿಯಲ್ಲಿ ಬೀಸಿ ತೋರಿಸಿ, "ಏನು ಕೊಯ್ಯಲಿಕ್ಕ ಬೇಕ್ರಿ ಮಾಸ್ತರ್ರ?" ಎಂದ. ಸಾವಿರ ಪ್ರಶ್ನೆ ಕೇಳಿ ಹುಡುಗರನ್ನು ನಿಲ್ಲಿಸಿದ ನಾನು ಅಂದು "ಕೇಳಿಕೊಂಡು ಬರ್ತೀನಿ" ಎಂದು ಹೊರಟೆ. ವಾಪಸು ಬಂದು ಹೆಡ್ ಮಾಸ್ತರರನ್ನು ಕೇಳಿದೆ. ಅವರು ಕಣ್ಣು ಮುಚ್ಚಿ ವಿಚಾರ ಮಾಡಿ, "ಹರಿತ ಇರಬೇಕು, ಆದ್ರ ಕೈಗಿ ಹತ್ತಬಾರದು" ಎಂದು ಅಪ್ಪಣೆ ಕೊಡಿಸಿದರು. ಈ ಅಪ್ಪಣೆಯನ್ನು ಹೊತ್ತು ಸೇಡಂಗೆ ಹೋಗಿ ಕಂಬಾರ ಮೋನಪ್ಪನ ಮುಂದೆ ಇಳಿಸಿದೆ. ಅವನು ತಿದಿ ಒತ್ತುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. "ಅಂಥಾದ್ದು ಬೇಕಾದ್ರ ಬಡಗ್ಯಾರ ಹಂತೇಲಿ ಹೋಗ್ರಿ, ಕಟ್ಟಿಗೀದು ಮಾಡಿ ಕೊಡ್ತಾರ" ಎಂದ. ಕಡೆಗೆ ಮರುಕಪಟ್ಟು, ತುದಿ ಮೊಂಡು ಮಾಡಿದ, ಗೇಣುದ್ದಕ್ಕೂ ಕಡಿಮೆಯ, ಜಾಲಿ ಹಿಡಿಕೆಯ ಚಾಕುಗಳನ್ನು ಬಡಿದುಕೊಟ್ಟ.

ಹೆಡ್ ಮಾಸ್ತರರು ಒಂದು ಚಾಕುವನ್ನು ಹಿಂದೆ ಮುಂದೆ ತಿರುವಿ ನೋಡಿ, ತೃಪ್ತಿಪಟ್ಟು ನನ್ನ ಕೈಗೆ ಕೊಟ್ಟರು. ಮನೆಯಲ್ಲಿ ಇದನ್ನು ಹೇಳಿದ್ದೇ ತಪ್ಪಾಯಿತು. ನೀಲಮ್ಮ ಹೆಚ್ಚುವುದನ್ನು ಬಿಟ್ಟು ಕೇಳಿದಳು: "ಚಾಕು ಕೈಯಿಂದ ಕೈಗಿ ಇಸಕೊಂಡ್ರಿ? ನೆಲಕ್ಕ ಇಡ್ರಿ ಅಂತ ಹೇಳಬಾರದೇನ್ರಿ? ಜಗಳ ಹತ್ತತದ." ನಮ್ಮ ಕಡೆ ಉಪ್ಪು, ಮೆಣಸಿನಕಾಯಿ, ಚಾಕು ಇವನ್ನು ಯಾರೂ ಯಾರ ಕೈಗೂ ಕೊಡುವುದಿಲ್ಲ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ನಾನು ನಕ್ಕೆ. ಕಬ್ಬಿಣಕ್ಕೂ ಜಗಳಕ್ಕೂ ಸಂಬಂಧವಿಲ್ಲವೆಂದು ವಿಜ್ಞಾನದ ಆಧಾರದಿಂದ ಅರ್ಧ ತಾಸು ಬೋಧಿಸಿದೆ. ಬೋಧನೆ ಮುಗಿಯುವಷ್ಟರಲ್ಲಿ ನಮ್ಮಿಬ್ಬರಿಗೇ ಜಗಳ ಹತ್ತಿತ್ತು.

ಶಿಬಿರದ ಪುಸ್ತಕದಲ್ಲಿ ಚಾಕು ಕೊಡುವ ಕ್ರಮವನ್ನು ಒಂದು ಪುಟ ಬರೆದಿದ್ದರು. ಹಿಡಿಕೆ ಮುಂದೆ ಮಾಡಿ ಚಾಚಬೇಕು, ತೆಗೆದುಕೊಳ್ಳುವವನು 'ಹಿಡಿದೆ' ಎನ್ನಬೇಕು, ಆಗ ಬಿಡಬೇಕು. ಕುಂಚಾವರಂನ ಮರದ ನೆರಳಲ್ಲಿ ಇದನ್ನು ಹೇಳಿಕೊಟ್ಟು, ಮಾಡಿ ಎಂದೆ. ಇಪ್ಪತ್ತು ಹುಡುಗರೂ ಚಾಕುಗಳನ್ನು ನೆಲದ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು. ಒಬ್ಬ ತನ್ನ ಜೋಡಿಯವನನ್ನು ತೋರಿಸಿ ಕೈ ಮುಗಿದು, "ನಾವಿಬ್ರೂ ಗೆಣೆಕಾರರು ಅದೀವ್ರಿ ಮಾಸ್ತರ್ರ, ಸುಮ್ನ ಯಾಕ ಕೆಡಸ್ತೀರಿ" ಎಂದ. ಮೂಢನಂಬಿಕೆಯ ಮೇಲೆ ನಾನು ಎರಡು ದಿನ ಭಾಷಣ ಮಾಡಿದೆ. ಸೋತು ಒಪ್ಪಿದರು. ಮೂರನೆಯ ದಿನದಿಂದ ಜಗಳಗಳು ಶುರುವಾದವು. ಮೊದಲೂ ಕಂಬಳಿಗೆ, ಜಾಗಕ್ಕೆ, ರೊಟ್ಟಿಗೆ ಕಿತ್ತಾಡುತ್ತಿದ್ದವರೇ. ಆದರೆ ಈಗ ಪ್ರತಿಯೊಂದು ಜಗಳದ ಕೊನೆಗೂ ಇಬ್ಬರೂ ಕೂಡಿ ನನ್ನ ಕಡೆ ಬೆರಳು ಮಾಡುತ್ತಿದ್ದರು. ಮೋನಪ್ಪನ ಚಾಕು ಮಾತ್ರ ಮಾತು ಉಳಿಸಿಕೊಂಡಿತ್ತು: ಯಾರ ಬೆರಳಿಗೂ ಹತ್ತಲಿಲ್ಲ. ಸೌತೆಕಾಯಿಗೂ ಹತ್ತಲಿಲ್ಲ, ಅದನ್ನು ಮುರಿದೇ ತಿನ್ನುತ್ತಿದ್ದೆವು.

ಒಂಬತ್ತನೆಯ ದಿನ ತಾಲೀಮಾತಿನ ಸಾಹೇಬರು ಬಂದರು. ಹುಡುಗರು ಸಾಲಾಗಿ ನಿಂತು ಹಿಡಿಕೆ ಚಾಚಿ, 'ಹಿಡಿದೆ' ಎಂದು ಒಕ್ಕೊರಲಿನಿಂದ ಕೂಗಿ ಚಾಕು ದಾಟಿಸಿದರು. ಸಾಹೇಬರ ಮುಖ ಅರಳಿತು. "ಭಾಳ ಛಲೋ ತಾಲೀಮು ಕೊಟ್ಟೀರಿ. ಹಳೇ ಖಯಾಲೆಲ್ಲಾ ಬಿಡಿಸೀರಿ" ಎಂದು, ಒಬ್ಬ ಹುಡುಗನ ಚಾಕು ಇಸಿದುಕೊಂಡು, ಅಂಚು ನೋಡಿ, ಹಿಡಿಕೆಯನ್ನು ನನ್ನ ಕಡೆ ಚಾಚಿದರು.

ನನ್ನ ಬಲಗೈ ಎತ್ತಿದ್ದೆ. ಅದು ಅರ್ಧ ದಾರಿಯಲ್ಲಿ ನಿಂತಿತು. ಯಾರ ಜೊತೆ ಬೇಕಾದರೂ ಜಗಳವಾಗಲಿ, ಹೆಂಡತಿಯ ಜೊತೆ ಆಗಿದೆ, ಹೆಡ್ ಮಾಸ್ತರರ ಜೊತೆ ಆದರೂ ತಡೆದುಕೊಂಡೇನು. ಆದರೆ ಕಾಯಂ ಎಂದು ಬರೆಯಬೇಕಾದ ಈ ಕೈಯ ಜೊತೆ? ವಿಜ್ಞಾನ ಎಲ್ಲಿ ಹೋಯಿತೋ ತಿಳಿಯದು. "ಅಲ್ಲೇ ನೆಲಕ್ಕ ಇಡ್ರಿ ಸಾಹೇಬ್ರ, ನಾ ತಗೋತೀನಿ" ಎಂಬ ಮಾತು ನನ್ನದೇ ದನಿಯಲ್ಲಿ ಕೇಳಿಸಿತು. ಸಾಹೇಬರು ನನ್ನನ್ನು ದಿಟ್ಟಿಸಿ ನೋಡಿ, ನಿಧಾನವಾಗಿ ಬಗ್ಗಿ, ಚಾಕುವನ್ನು ನೆಲದ ಮೇಲಿಟ್ಟು ಜೀಪಿನ ಕಡೆ ನಡೆದರು.

ಹದಿನೈದು ದಿನಕ್ಕೆ ಸಾಹೇಬರ ವರದಿ ಬಂತು. ಹುಡುಗರು ಎಲ್ಲವನ್ನೂ ಚೆನ್ನಾಗಿ ಕಲಿತಿದ್ದಾರೆ, ಮಾಸ್ತರರಿಗೆ ಇನ್ನೊಂದು ವರ್ಷ ಕಲಿಯುವುದಿದೆ, ಅಲ್ಲಿಯವರೆಗೆ ಹಂಗಾಮಿಯಾಗಿಯೇ ಇರಲಿ. ಮನೆಯಲ್ಲಿ ಹೇಳಿದಾಗ ನೀಲಮ್ಮ ಮಾತ್ರ ಸಮಾಧಾನದಿಂದ, "ಸಾಹೇಬ್ರ ಜೋಡಿ ಜಗಳ ಅಂತೂ ಆಗಲಿಲ್ಲಲ್ರಿ" ಎಂದಳು. ಅದು ನಿಜ. ಅಂದು ಬೆಳಿಗ್ಗೆ ಶಾಲೆಯಲ್ಲಿ ಹೆಡ್ ಮಾಸ್ತರರು ಆ ವರದಿಯನ್ನು ಓದಿ ಹೇಳಿ, ಮಡಚಿ ನನ್ನ ಕಡೆ ಚಾಚಿದ್ದರು. ನಾನು ಕೈ ಹಿಂದೆ ಕಟ್ಟಿಕೊಂಡು, "ಮೇಜಿನ ಮ್ಯಾಲ ಇಡ್ರಿ" ಎಂದಿದ್ದೆ.